ತಪ್ಪು ಉತ್ತರದ ಮೊಲ

ಎಲ್ಲ ಅನಾಹುತಕ್ಕೂ ಮೂಲ ಒಂದು ಮೊಲ.

ಶಾಲೆಗಳಿಗೆ ಮಗ್ಗಿ ಕಲಿಸುವ ಸಾಫ್ಟ್‌ವೇರ್ ಮಾಡುತ್ತಿದ್ದ ಆ ಆಫೀಸಿನಲ್ಲಿ ನಮ್ಮವನ ಹೆಸರು ಸರಳಪ್ಪ. ದಿನಕ್ಕೆ ನೂರು ಸಲ "ಸರಳವಾಗಿರ್ಬೇಕು" ಎನ್ನುತ್ತಿದ್ದನೆಂದು ಜೊತೆಯವರೇ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಏಳರ ಮಗ್ಗಿ ತಪ್ಪಿ ತಪ್ಪಿ ಬೆಂಚಿನ ಮೇಲೆ ನಿಂತೇ ಬೆಳೆದವನು. ಯಾವ ಮಗುವೂ ತನ್ನಂತೆ ನಡುಗಬಾರದೆಂದು, ಉತ್ತರ ತಪ್ಪಾದಾಗ ಸಮಾಧಾನಕ್ಕೆ ಒಂದು ಮೊಲ ಡೋಲು ಬಾರಿಸುತ್ತ ಕುಣಿಯುವಂತೆ ಮಾಡಿದ್ದ. ಉತ್ತರ ಸರಿಯಾದರೆ ಒಂದು ಹಸಿರು ಗುರುತು, ಅಷ್ಟೇ.

ಆ ದಿನ ಒಂದು ಶಾಲೆಯಲ್ಲಿ ಅದರ ಪರೀಕ್ಷೆ. ಅಲ್ಲಿಯ ಲೆಕ್ಕದ ಟೀಚರ್ ಒಪ್ಪಿ ಸಹಿ ಹಾಕಿದರೆ ಸರಳಪ್ಪನ ಕೆಲಸ ಕಾಯಂ, ಇಲ್ಲದಿದ್ದರೆ ಮನೆಯ ದಾರಿ. ತರಗತಿಯೊಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟ. ಮೇಜಿನ ಹಿಂದೆ ಅದೇ ದಪ್ಪ ಕನ್ನಡಕ, ಅದೇ ಬಿಗಿದ ತುಟಿ. ಇಪ್ಪತ್ತು ವರ್ಷದ ಹಿಂದೆ ಅವನನ್ನು ಬೆಂಚು ಹತ್ತಿಸಿದವರು ಇವರೇ!

"ಯಾಕೋ ಹೀಗೆ ಬೆವರ್ತಿದೀಯ?" ಎಂದಳು ಜೊತೆಗೆ ಬಂದಿದ್ದ, ಮೊಲದ ಚಿತ್ರ ಬರೆದ ಸಹೋದ್ಯೋಗಿ.

"ಮೆಲ್ಲಗೆ ಮಾತಾಡು ತಾಯಿ! ಅವರಿಗೆ ನನ್ನ ಗುರುತು ಸಿಕ್ಕಿದ್ರೆ ನನ್ನ ಕಥೆ ಮುಗೀತು."

"ಹೆದರ್ಬೇಡ, ನಾನಿದೀನಲ್ಲ," ಎಂದು ಅವಳು, ಟೀಚರ ಗಮನ ಅತ್ತಲೇ ಇರಲೆಂದು, ಮೊಲದ ಡೋಲಿನ ಸದ್ದನ್ನು ಪೂರ್ತಿ ಏರಿಸಿಟ್ಟಳು.

ಮಕ್ಕಳ ಪರದೆಗಳ ಮೇಲೆ ಮೊದಲ ಪ್ರಶ್ನೆ ಬಂತು: ಏಳೆಂಟ್ಲ ಎಷ್ಟು? ಒಬ್ಬ ಹುಡುಗಿ ಕೈತಪ್ಪಿ ಐವತ್ತೆರಡು ಒತ್ತಿದಳು. ಮೊಲ ಲಾಗ ಹಾಕಿತು, ಡೋಲು ಬಾರಿಸಿತು. ಸರಿಯಾಗಿ ಒತ್ತಿದ್ದ ಪಕ್ಕದವಳು ತನ್ನ ಒಣ ಹಸಿರು ಗುರುತನ್ನು ನೋಡಿದಳು, ಮೊಲವನ್ನು ನೋಡಿದಳು. ಆಮೇಲೆ ಕೇಳಬೇಕೆ! ಐದೇ ನಿಮಿಷದಲ್ಲಿ ಮೂವತ್ತೆರಡು ಮಕ್ಕಳಲ್ಲಿ ಒಬ್ಬರಿಗೂ ಏಳೆಂಟ್ಲ ಐವತ್ತಾರು ಬೇಡವಾಯಿತು.

"ಮೂರು ಸಾವಿರ ಒತ್ರೋ! ಏನು ಬೇಕಾದ್ರೂ ಒತ್ರೋ!" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೂಗಿದ.

ಮೂವತ್ತೆರಡು ಡೋಲುಗಳ ನಡುವೆ ಟೀಚರ್ ಎದ್ದು ಬಂದರು. ಸರಳಪ್ಪನ ಕಣ್ಣು ತಾನಾಗಿಯೇ ಖಾಲಿ ಬೆಂಚು ಹುಡುಕಿತು.

"ನೀನು ಆ ಏಳರ ಮಗ್ಗಿ ಅಲ್ವೇನೋ?"

"ಹೌದು ಟೀಚರ್... ತಪ್ಪಾಯ್ತು."

"ತಪ್ಪು ನಿನಗೇನು ಹೊಸದಲ್ಲ ಬಿಡು. ಅಕ್ಷರ ದೊಡ್ಡದಾಗಿದೆ, ಎಲ್ಲಿ ಒತ್ತಬೇಕು ಅಂತ ನನಗೂ ಗೊತ್ತಾಗುತ್ತೆ. ಸಹಿ ಹಾಕ್ತೀನಿ. ಆದ್ರೆ ಆ ಮೊಲ ತೆಗಿ. ತಪ್ಪು ಉತ್ತರಕ್ಕೆ ನನ್ನ ಮುಖ ಹಾಕು, ನನ್ನ ಧ್ವನಿ ಹಾಕು. ಆಗ ಯಾರು ತಪ್ಪು ಒತ್ತುತ್ತಾರೋ ನೋಡೋಣ."

ಅಲ್ಲೇ ನಿಂತು ಫೋಟೋ ತೆಗೆಸಿಕೊಂಡರು, ಧ್ವನಿಯನ್ನೂ ಕೊಟ್ಟರು. ಸಹಿ ಬಿತ್ತು. ಬದುಕಿದೆಯಾ ಬಡಜೀವವೇ ಎಂದು ಸರಳಪ್ಪ ಆಫೀಸಿಗೆ ಓಡಿದ.

ಮಧ್ಯಾಹ್ನ ಮ್ಯಾನೇಜರ್ ಬೆನ್ನು ತಟ್ಟಿ ಕಾಯಂ ಪತ್ರ ಕೈಗಿಟ್ಟರು. ಅಷ್ಟರಲ್ಲಿ ಚಿತ್ರದವಳು ಟೀಚರ ಮುಖವನ್ನು ಮೊಲದ ಜಾಗದಲ್ಲಿ ಕೂರಿಸಿಯಾಗಿತ್ತು.

"ಇನ್ಮೇಲೆ ನಿನಗೆ ಒಂದೇ ಕೆಲಸ ಕಣಯ್ಯಾ," ಎಂದರು ಮ್ಯಾನೇಜರ್. "ಅವರ ಮುಖ ಸರಿಯಾಗಿ ಬರುತ್ತಾ, ಧ್ವನಿ ಕೇಳ್ಸುತ್ತಾ ಅಂತ ಪರೀಕ್ಷೆ ಮಾಡ್ಬೇಕು. ದಿನಾ ಇನ್ನೂರು ತಪ್ಪು ಉತ್ತರ ಒತ್ತು. ಇವತ್ತಿಂದಲೇ ಶುರು ಮಾಡು."

ಸರಳಪ್ಪ ಏಳೆಂಟ್ಲ ಐವತ್ತೆರಡು ಒತ್ತಿದ. ಪರದೆಯ ತುಂಬ ದಪ್ಪ ಕನ್ನಡಕ ಮೂಡಿತು.

"ಬೆಂಚ್ ಮೇಲೆ ನಿಂತ್ಕೊ!"

ಆಫೀಸಿಗೆ ಆಫೀಸೇ ತಿರುಗಿ ನೋಡುತ್ತಿದ್ದಂತೆ ಸರಳಪ್ಪ ಕುರ್ಚಿ ಹತ್ತಿ ನಿಂತ. ಇನ್ನೂ ನೂರಾ ತೊಂಬತ್ತೊಂಬತ್ತು ಉತ್ತರ ಬಾಕಿ ಇದ್ದವು.