ಕಾಶ್ಮೀರಕ್ಕೆ ಹೊರಟ ಚೀಲ

ನಮ್ಮ ಮನೆಯಲ್ಲಿ ಪ್ರವಾಸಕ್ಕಿಂತ ಪ್ರವಾಸದ ತಯಾರಿಯೇ ಹೆಚ್ಚು ನಡೆಯುತ್ತದೆ. ರಾಣೆಬೆನ್ನೂರಿನಿಂದ ಕಾಶ್ಮೀರದವರೆಗೆ ಕಾರಿನಲ್ಲಿ ಹೋಗಬೇಕು, ಒಮ್ಮೆಯಾದರೂ ಹಿಮ, ನಮ್ಮ ಮಾತಿನಲ್ಲಿ ಬರ್ಫ, ಕೈಯಲ್ಲಿ ಹಿಡಿಯಬೇಕು ಎಂಬುದು ನನ್ನ ಹೆಂಡತಿಯ ಬಹುದಿನದ ಆಸೆ. ಬೀಜದ ಅಂಗಡಿ ಬಿಟ್ಟು ಕದಲದ ನಾನು ಈ ವರ್ಷ ಹೂಂ ಎಂದುಬಿಟ್ಟೆ.

ಮೊದಲ ದಿನದ ಮುಕ್ಕಾಂ

ದಾರಿ ಗೊತ್ತುಮಾಡಲು ಮೊಬೈಲಿನಲ್ಲಿ ನಕಾಶೆ ತೆರೆದೆ. ಅವ್ವ ಅದನ್ನು ಪಕ್ಕಕ್ಕೆ ಸರಿಸಿದಳು.

"ಬ್ಯಾಡಗ್ಯಾಗ ನಿನ್ನ ಹೆಂಡ್ತಿ ಅಣ್ಣನ ಮನ್ಯಾಗ ಚಾ. ಹಾವೇರ್ಯಾಗ ನನ್ನ ತಂಗಿ ಮನ್ಯಾಗ ಊಟ. ಹೆಂಗೂ ಹೊಂಟೀವಿ, ಗಳಗನಾಥದ ಗುಡಿ ನೋಡೂಣು. ರಾತ್ರಿ ಹೊಸರಿತ್ತ್ಯಾಗ ನಿಮ್ಮ ಅತ್ತಿ ಮನ್ಯಾಗ ವಸ್ತಿ."

ಇಡೀ ದಿನ ಓಡಿಸಿದರೂ ಕಾರು ಹಾವೇರಿ ಜಿಲ್ಲೆ ದಾಟುವಂತಿರಲಿಲ್ಲ.

"ಹಿಂಗ ಹೋದ್ರ ನಾವು ಮುಟ್ಟೂದ್ರಾಗ ಬರ್ಫ ಕರಗಿರ್ತೈತ್ರಿ" ಎಂದಳು ಹೆಂಡತಿ.

ಬರೇ ಬಣ್ಣಕ್ಕ

ಕಾರಿನಲ್ಲಿ ಸಾಮಾನು ಹಿಡಿಸುತ್ತದೋ ಇಲ್ಲವೋ ನೋಡಲು ಬ್ಯಾಡಗಿಯವರೆಗೆ ಹೋಗಿಬಂದೆವು. ಹೆಂಡತಿಯ ಅಣ್ಣ ಅಲ್ಲಿ ಮೆಣಸಿನಕಾಯಿ ವ್ಯಾಪಾರಿ. "ಆ ಕಡೆ ಊಟ ಸಪ್ಪಗಿರ್ತೈತಿ" ಎಂದು ಒಣಮೆಣಸಿನಕಾಯಿಯ ಚೀಲವೊಂದನ್ನು ಹಿಂದಿನ ಸೀಟಿಗೆ ತುರುಕಿ, ಊರ ತುದಿಯವರೆಗೆ ಕಳಿಸಿ ಬರಲು ತಾನೂ ಹತ್ತಿದ. ಎಸಿ ಹಾಕಿದ್ದೇ ತಡ, ಎಲ್ಲರಿಗೂ ಸೀನು. ಕಾರು ನಿಲ್ಲಿಸಿ ಕೆಳಗೆ ಹಾರಿದೆ.

"ಹೆದರಬ್ಯಾಡ್ರಿ. ನಮ್ಮ ಬ್ಯಾಡಗಿ ಕಾಯಿ ಬರೇ ಬಣ್ಣಕ್ಕ, ಆಕ್ಷೀ! ಖಾರ, ಆಕ್ಷೀ! ಇರಂಗಿಲ್ರಿ."

ಅವನ ಮೂಗಿಗೂ ಕಣ್ಣಿಗೂ ಆಗಲೇ ಒಳ್ಳೆಯ ಬಣ್ಣ ಬಂದಿತ್ತು.

ಪ್ರಸ್ಥಾನ

ಅವ್ವ ಮುಹೂರ್ತ ಕೇಳಿಕೊಂಡು ಬಂದಳು. ಆ ದಿನ ಅಂಗಡಿಯಲ್ಲಿ ರೈತರ ಗದ್ದಲ, ಹೊರಡಲಾಗಲಿಲ್ಲ. ನಮ್ಮಲ್ಲಿ ಇದಕ್ಕೂ ಉಪಾಯವಿದೆ. ಮುಹೂರ್ತಕ್ಕೆ ಸರಿಯಾಗಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಶುರುವಾದಂತೆಯೇ. ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊಸ ಸ್ವೆಟರುಗಳ ಚೀಲವನ್ನು ಅವ್ವ ಪಕ್ಕದ ಮನೆಯ ಕಾಕಿಯ ಹತ್ತಿರ ಇಟ್ಟು ಬಂದಳು.

ಆಮೇಲೂ ಅಂಗಡಿಯ ಗದ್ದಲ ಮುಗಿಯಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ದಿನ ದೂಡಿದೆ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಕೊನೆಗೊಂದು ಬೆಳಗ್ಗೆ ಕಾರಿನ ಮುಂದೆ ಕಾಯಿ ಒಡೆದು, ಚೀಲ ತರಲು ಹೋದರೆ ಕಾಕಿಯ ಮನೆಗೆ ಬೀಗ!

ವಿಡಿಯೋ ಕಾಲ್ ಮಾಡಿದೆ. ಕಾಕಿ ನನ್ನ ಹೆಂಡತಿಯ ಕೆಂಪು ಸ್ವೆಟರಿನಲ್ಲಿದ್ದಳು, ಕಾಕಾ ನನ್ನದರಲ್ಲಿ. ಹಿಂದೆ ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ.

"ದಿನಾ ನಿಮ್ಮ ಪ್ಲ್ಯಾನ್ ಕೇಳಿ ಕೇಳಿ ನಮಗೂ ಆಶಾ ಆತೋ ತಮ್ಮಾ. ವಿಮಾನ ಹತ್ತಿ ಬಂದಬಿಟ್ವಿ. ನಿಮ್ಮ ಸ್ವೆಟರ್ ಭಾಳ ಬೆಚ್ಚಗ ಅದಾವ!" ಎನ್ನುತ್ತ ಕಾಕಿ ಒಂದು ಮುಷ್ಟಿ ಬರ್ಫ ಎತ್ತಿ ನನ್ನ ಹೆಂಡತಿಗೆ ತೋರಿಸಿದಳು.

ಹೆಂಡತಿ ಬರ್ಫ ನೋಡಲಿಲ್ಲ, ನನ್ನನ್ನು ನೋಡಿದಳು. ನನಗೆ ಸ್ವೆಟರ್ ಇಲ್ಲದೆಯೇ ಬೆವರು ಬಂತು.

ಅವ್ವ ಮಾತ್ರ ಮೊಬೈಲಿಗೆ ಕೈಮುಗಿದಳು. "ಮುಹೂರ್ತ ಖರೇನ ಗಟ್ಟಿ ಇತ್ತು ನೋಡಪಾ. ಚೀಲ ಕಾಶ್ಮೀರ ಮುಟ್ಟೇತಿ!"