ಪ್ರಸಾದವೆಂದು ತಂದ ಪೈರು

ದೇವಸ್ಥಾನಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗುವುದು ನನ್ನ ಜಾಯಮಾನದಲ್ಲೇ ಇಲ್ಲ. ಒಂದು ದಳ ತುಳಸಿಯೋ, ಚಿಟಿಕೆ ಕುಂಕುಮವೋ, ಕೊನೆಗೆ ಒಂದು ಚೂರು ಕೊಬ್ಬರಿಯೋ ಜೇಬಿಗೆ ಬೀಳದಿದ್ದರೆ ದೇವರು ನನ್ನನ್ನು ಗಮನಿಸಲೇ ಇಲ್ಲವೇನೋ ಎಂಬ ಅನುಮಾನ ಶುರುವಾಗುತ್ತದೆ. ಮೈಸೂರಿನಲ್ಲಿದ್ದಾಗ ನನ್ನ ಅಂಗಿಗಳ ಜೇಬುಗಳಿಗೆಲ್ಲ ಸಿಹಿ ಪೊಂಗಲಿನ ತುಪ್ಪ ಹಿಡಿದು ಇಸ್ತ್ರಿಯವನು ಗೊಣಗುತ್ತಿದ್ದ. ಆಗ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅದೇ ಅಭ್ಯಾಸ ನೆದರ್ಲೆಂಡ್ಸಿನಲ್ಲಿ ನನ್ನ ಮೈ ಜುಮ್ಮೆನ್ನಿಸುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇಲ್ಲಿ ಹೂಫ್‌ಡಾರ್ಪ್ ಎಂಬ ಊರಿನಲ್ಲಿ ನಮ್ಮ ಬಾಡಿಗೆ ಫ್ಲ್ಯಾಟ್ ಒಂಬತ್ತನೇ ಮಹಡಿಯಲ್ಲಿದೆ. ಕಿಟಕಿಯ ಪಕ್ಕ ಊಟದ ಮೇಜು, ಮೇಜಿನ ತುದಿಗೆ ನನ್ನ ಕುರ್ಚಿ, ಕುರ್ಚಿಯ ಪಕ್ಕ ಕರಿಬೇವಿನ ಕುಂಡ. ಇಲ್ಲಿನ ಕನ್ನಡಿಗರ ಮನೆಗಳಲ್ಲೆಲ್ಲ ಇಂಥ ಗಿಡವೊಂದು ಸಾಯಲು ಸಿದ್ಧವಾಗಿ ನಿಂತೇ ಇರುತ್ತದೆ. ಫೋನ್ ಮಾಡಿದರೆ ಮಕ್ಕಳ ಕ್ಷೇಮಕ್ಕಿಂತ ಮೊದಲು ಅದರ ಕ್ಷೇಮ ವಿಚಾರಿಸುತ್ತೇವೆ. ನಮ್ಮ ಗಿಡದ ಕಥೆ ಸ್ವಲ್ಪ ಬೇರೆ. ನನ್ನ ಹೆಂಡತಿ ಶೈಲಾಳ ಅಮ್ಮ ತಮ್ಮ ಹಿತ್ತಲಿನ ಮರದ ಬೀಜಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಕಳಿಸಿದ್ದರು. ಅದರಿಂದ ಎದ್ದ ಗಿಡ ಇದು. ಹೋದ ವರ್ಷ ಅತ್ತೆ ತೀರಿಕೊಂಡರು. ಮನೆ ಮಾರಿದ್ದಾಯಿತು, ಕೊಂಡವರು ಮರ ಕಡಿದದ್ದೂ ಆಯಿತು. ಈ ಚಳಿಗಾಲದಲ್ಲಿ ನಮ್ಮ ಗಿಡವೂ ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಂತಿತು. ಶೈಲಾ ಅಳಲಿಲ್ಲ. ಸಾರಿಗೆ ಒಗ್ಗರಣೆ ಹಾಕುವುದನ್ನು ಬಿಟ್ಟಳು, ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಒಗ್ಗರಣೆಯಿಲ್ಲದ ಆ ಸಾರಿನ ಮೌನಕ್ಕೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಆ ಕಡ್ಡಿ ಪೂರ್ತಿ ಒಣಗಿದರೆ ಇವಳೊಳಗೆ ಇನ್ನೇನು ಒಣಗುತ್ತದೋ ಎಂದು ಹೆದರಿದ್ದೆ.

ಜೂನ್ ತಿಂಗಳಲ್ಲಿ ಆಫೀಸಿನ ಪಕ್ಕದ ಮೇಜಿನ ಹಿರೋಕೊ, "ಶನಿವಾರ ನಮ್ಮ ಗುಡಿಯಲ್ಲಿ ಭತ್ತದ ನಾಟಿ ಹಬ್ಬ, ಬನ್ನಿ" ಎಂದು ಕರೆದರು. ಇಲ್ಲಿನ ಜಪಾನಿಯರು ಕೂಡಿ ಕಟ್ಟಿಕೊಂಡ ಪುಟ್ಟ ಗುಡಿಯಂತೆ. ಶೈಲಾ, "ನೀವ್ ಹೋಗ್ಬನ್ನಿ ರೀ, ನನಗೆ ಮೂಡ್ ಇಲ್ಲ" ಎಂದಳು. ಗದ್ದೆಯ ದೇವರಲ್ಲವೇ, ಒಂದು ಕುಂಡದ ಗಿಡ ಬದುಕಿಸುವುದು ಎಷ್ಟರ ಕೆಲಸ, ಕೇಳಿ ನೋಡೋಣ ಎಂದುಕೊಂಡು ನಾನೊಬ್ಬನೇ ಹೊರಟೆ.

ಬಸ್ಸು ಇಳಿದಾಗ ಮಂಜು. ಆ ಕಡೆ ನೆಲ ತಗ್ಗು, ಏರಿ ಕಟ್ಟಿದ ಕಾಲುವೆಯ ನೀರು ನಡೆಯುವ ದಾರಿಗಿಂತ ಎತ್ತರದಲ್ಲಿದೆ. ಇಷ್ಟು ವರ್ಷವಾದರೂ ತಲೆಯ ಮೇಲೆ ದೋಣಿ ಹೋಗುವುದನ್ನು ನೋಡಿದರೆ ನನಗೆ ಉಸಿರು ಕಟ್ಟುತ್ತದೆ. ಗುಡಿಯ ಮುಂದಿನ ತೊಟ್ಟಿಯಲ್ಲಿ ನೀರು, ಪಕ್ಕದಲ್ಲಿ ಮರದ ಸೌಟು. ನಾನು ಭಕ್ತಿಯಿಂದ ಅಂಗೈಗೆ ಹಾಕಿಕೊಂಡು ಮೂರು ಸಲ ಕುಡಿದು ಉಳಿದದ್ದನ್ನು ತಲೆಗೆ ಸವರಿಕೊಂಡೆ. ಹಿಂದೆ ನಿಂತಿದ್ದ ಹಿರೋಕೊ ಮೆಲ್ಲಗೆ, "ಅದು ಕೈ ತೊಳೆಯೋದಕ್ಕೆ" ಎಂದರು.

ಗದ್ದೆ ಎಂದರೆ ಎರಡು ಕಾರು ನಿಲ್ಲಿಸುವಷ್ಟು ಜಾಗ. ಬಿಳಿ ಬಟ್ಟೆಯ ಮುದುಕ ಪೂಜಾರಿ ಮಂತ್ರ ಹೇಳಿದರು, ಒಬ್ಬರು ನಿಧಾನವಾಗಿ ಡೋಲು ಬಡಿದರು. ಗದ್ದೆಯ ದೇವರು ನಾಟಿಯ ಹೊತ್ತಿಗೆ ಬೆಟ್ಟದಿಂದ ಇಳಿದು ಬರುತ್ತಾರೆ, ಆಮೇಲೆ ಬೆಟ್ಟಕ್ಕೇ ಹಿಂದಿರುಗುತ್ತಾರೆ ಎಂದು ಹಿರೋಕೊ ವಿವರಿಸಿದರು. "ಈ ಸಮತಟ್ಟು ದೇಶದಲ್ಲಿ ಬೆಟ್ಟ ಎಲ್ಲಿದೆ?" ಎಂದೆ, ತಮಾಷೆಗೆ. ಹಿರೋಕೊ ಅದನ್ನು ಪೂಜಾರಿಗೆ ದಾಟಿಸಿದರು. ಅವರು ನಗಲಿಲ್ಲ. "ಅದೇ ನನ್ನ ಚಿಂತೆ. ಬರುವುದಂತೂ ಬರುತ್ತಾರೆ. ಎಲ್ಲಿಂದ ಎಂದು ಗೊತ್ತಿಲ್ಲ" ಎಂದರು.

ಪ್ಯಾಂಟು ಮಡಚಿ ಕೆಸರಿಗೆ ಇಳಿದೆ. ಬಗ್ಗಿ ಮೊದಲ ಪೈರು ಊರುವಾಗ ಗಾಳಿ ನಿಂತುಬಿಟ್ಟಿತು. ಈ ದೇಶದಲ್ಲಿ ಗಾಳಿ ನಿಲ್ಲುವುದೆಂದರೆ ನಮ್ಮಲ್ಲಿ ಸೂರ್ಯ ಹುಟ್ಟದಿದ್ದ ಹಾಗೆ. ಡೋಲೂ ನಿಂತಿತು. ಎಲ್ಲರೂ ಯಾರೂ ಇಲ್ಲದ ಒಂದು ಮೂಲೆಗೆ ತಿರುಗಿ ತಲೆ ಬಾಗಿಸಿದರು. ನೀರೊಳಗೆ ತಣ್ಣನೆಯದೇನೋ ನನ್ನ ಪಾದವನ್ನು ಹಿಡಿದುಕೊಂಡಿತು. ಎಳೆದರೆ ಬಿಡಲಿಲ್ಲ, ನಾನು ಎಳೆಯುವುದನ್ನು ನಿಲ್ಲಿಸಿದ ಮೇಲೆ ತಾನೇ ಬಿಟ್ಟಿತು. ಕೆಸರಿನ ಗುಣವೇ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ.

ಎಲ್ಲ ಮುಗಿದು ಜನ ಚಹಾ ಕುಡಿಯಲು ಒಳಗೆ ಹೋದರು. ಈಗ ಪ್ರಸಾದ ಕೊಟ್ಟಾರು, ಆಗ ಕೊಟ್ಟಾರು ಎಂದು ಕಾದೆ. ಯಾರೂ ಕೊಡುವ ಲಕ್ಷಣ ಕಾಣಲಿಲ್ಲ. ಆ ಮೂಲೆಯ ಬದುವಿನ ಮೇಲೆ ಮಾತ್ರ ಮೂರು ಕಟ್ಟು ಪೈರು ಅಚ್ಚುಕಟ್ಟಾಗಿ ಇಟ್ಟಿದ್ದರು. ಭಕ್ತರಿಗೆಂದೇ ಇಟ್ಟಿದ್ದಾರೆ, ಇವರು ಸಂಕೋಚದ ಜನ, ಬಾಯಿಬಿಟ್ಟು ಹೇಳುವುದಿಲ್ಲ ಎಂದುಕೊಂಡು ಒಂದು ಕಟ್ಟನ್ನು ಕಣ್ಣಿಗೊತ್ತಿ ಜಾಕೆಟ್ಟಿನ ಜೇಬಿಗೆ ಸೇರಿಸಿದೆ. ಮನೆಗೆ ಬಂದು ಕರಿಬೇವಿನ ಕುಂಡದಲ್ಲೇ ಊರಿದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಕುರ್ಚಿಯಲ್ಲಿ ಕೂತವನು ಹಾಗೇ ಎದ್ದೆ. ಮೆತ್ತೆ ಒದ್ದೆ. ಕೆಸರಿನ ವಾಸನೆ. ಕುಂಡದ ಮಣ್ಣೂ ಹದವಾಗಿ ನೆನೆದಿತ್ತು. ಪಾಪ, ಶೈಲಾ ಗುಟ್ಟಾಗಿ ನೀರು ಹಾಕುತ್ತಿದ್ದಾಳೆ, ಅವಸರದಲ್ಲಿ ಚೆಲ್ಲಿದೆ ಎಂದುಕೊಂಡು ಸುಮ್ಮನಿದ್ದೆ. ಆಮೇಲೆ ಎರಡು ವಾರ ದಿನವೂ ಅದೇ. ಲಿಫ್ಟು ಯಾರೂ ಒತ್ತದೆ ನಮ್ಮ ಮಹಡಿಗೆ ಬಂದು ಬಾಗಿಲು ತೆರೆಯುತ್ತಿತ್ತು. ಒಳಗೆ ಯಾರೂ ಇಲ್ಲ, ನೆಲ ಮಾತ್ರ ತೇವ. ಅಷ್ಟರಲ್ಲಿ ಆ ಕಡ್ಡಿಯ ತುದಿಯಲ್ಲಿ ಎಳೆಯ ಚಿಗುರು ಕಾಣಿಸಿತು. ಶೈಲಾ ಅದರ ಮುಂದೆ ಮಂಡಿಯೂರಿ ಕೂತು ಎಷ್ಟೋ ಹೊತ್ತು ನೋಡಿದಳು. ಆಮೇಲೆ ತಿಂಗಳುಗಳಿಂದ ಕೇಳದಿದ್ದ ದನಿಯಲ್ಲಿ, "ನೀವು ದಿನಾ ನೀರ್ ಹಾಕ್ತಿರೋದು ನಂಗೊತ್ತು ರೀ. ಥ್ಯಾಂಕ್ಸ್. ಆದ್ರೆ ಕುಶನ್ ಮೇಲೆ ಚೆಲ್ಬೇಡಿ" ಎಂದಳು.

"ನಾನಾ? ನೀನಲ್ವಾ ಹಾಕ್ತಿದ್ದಿದ್ದು?"

"ನಾನು ಮುಟ್ಟೇ ಇಲ್ಲ. ಮುಟ್ಟಿದ್ರೆ ಎಲ್ಲಿ ಸಾಯುತ್ತೋ ಅಂತ ಭಯ."

ಇಬ್ಬರೂ ಕುರ್ಚಿಯ ಕಡೆ ನೋಡಿದೆವು. ಹಾಡಹಗಲಿನಲ್ಲಿ, ಹೊರಗೆ ಬಸ್ಸುಗಳು ಓಡಾಡುತ್ತಿರುವಾಗ, ನನ್ನ ಕೈಮೇಲಿನ ಕೂದಲೆಲ್ಲ ಎದ್ದು ನಿಂತವು.

ಆಮೇಲೆ ಬಂದ ಸೋಮವಾರ ಹಿರೋಕೊ ಬಳಿ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟರು. "ಆ ಮೂರು ಕಟ್ಟು ದೇವರು ಕೂರುವ ಜಾಗ. ನಾಟಿ ಮುಗಿದು ಬೆಟ್ಟಕ್ಕೆ ಹಿಂದಿರುಗುವ ತನಕ ಅದರ ಮೇಲೆ ಕೂತು ನೋಡುತ್ತಾರೆ." ಪ್ರಸಾದವೆಂದು ನಾನು ಜೇಬಿಗಿಳಿಸಿದ್ದು ದೇವರ ಆಸನ! ಸಂಜೆಯೇ ವಾಪಸ್ ಕೊಟ್ಟುಬರೋಣ ಎಂದರೆ ಶೈಲಾ ಕುಂಡವನ್ನು ತಬ್ಬಿ ಕೂತಳು. "ಕೊಟ್ಟ್ ಮೇಲೆ ಇದು ಮತ್ತೆ ಒಣಗಿದ್ರೆ? ಅಮ್ಮಂದು ಅಂತ ಇರೋದು ಇದೊಂದೇ ರೀ."

ಕೊನೆಗೆ ಹಿರೋಕೊ ಪೂಜಾರಿಯನ್ನೇ ಕೇಳಿದರು. ಪೂಜಾರಿ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಅವರ ಮನೆ ಎಷ್ಟು ಎತ್ತರದಲ್ಲಿದೆ?" ಒಂಬತ್ತನೇ ಮಹಡಿ ಎಂದಾಗ ಆ ಮುದುಕರಿಗೆ ಎಲ್ಲಿಲ್ಲದ ಸಂತೋಷವಾಯಿತಂತೆ. "ಏನೂ ವಾಪಸ್ ತರುವುದು ಬೇಡ. ಇಷ್ಟು ವರ್ಷ ನಾನು ಹುಡುಕುತ್ತಿದ್ದ ಬೆಟ್ಟ ಅದೇ. ಅವರು ದೇವರನ್ನು ಕದ್ದೊಯ್ದಿಲ್ಲ. ದೇವರು ಮನೆಗೆ ಹೋಗಿದ್ದಾರೆ."

ಮೊನ್ನೆ ಶೈಲಾ ಬಾಣಲೆಯಲ್ಲಿ ಸಾಸಿವೆ ಸಿಡಿಸಿಟ್ಟು ಗಿಡದ ಹತ್ತಿರ ಬಂದಳು. ಕೈ ಚಾಚಿದವಳು ತಡೆದು, ಖಾಲಿ ಕುರ್ಚಿಯ ಕಡೆ ತಿರುಗಿ, ಅಮ್ಮನನ್ನು ಕೇಳುವ ಸಲಿಗೆಯಲ್ಲೇ, "ಎರಡೇ ಎಲೆ ತಗೋತೀನಿ, ಆಯ್ತಾ?" ಎಂದಳು. ಕುರ್ಚಿ ಕಿರ್ ಎಂದಿತು. ಸಾರಿಗೆ ಒಗ್ಗರಣೆ ಬಿತ್ತು. ಮನೆಯೆಲ್ಲ ಘಮ್ಮೆಂದಿತು, ನನ್ನ ಕಣ್ಣು ತುಂಬಿತು. ಆ ಊಟವನ್ನು ಮಾತ್ರ ನಾನು ಅಡುಗೆ ಕಟ್ಟೆಗೆ ಒರಗಿ ನಿಂತೇ ಮಾಡಿದೆ. ಬಾಡಿಗೆ ಕಟ್ಟುವವನು ನಾನೇ ಇರಬಹುದು. ಆದರೆ ಮನೆಯ ಯಜಮಾನರು ಕೂತಿರುವಾಗ ಎಬ್ಬಿಸುವುದು ಹೇಗೆ?