ಉಸಿರು ಎಣಿಸುವ ಹಾಸಿಗೆ

ಪ್ರಯೋಗಶಾಲೆಯ ಹಾಸಿಗೆಯ ಮೇಲೆ ಮಲಗಿದ್ದ ಫೈಬರಣ್ಣ ನಿಮಿಷಕ್ಕೆ ನೂರ ನಲವತ್ತು ಸಲ ಉಸಿರಾಡುತ್ತಿದ್ದಾನೆ ಎಂದು ಯಂತ್ರ ತೋರಿಸಿತು. ಅಷ್ಟು ತ್ರಾಣ ತನ್ನಲ್ಲಿ ನಿಜಕ್ಕೂ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡು ಅವನು ಆಕಳಿಸಿದ. ಮನೆಯಲ್ಲಿ ಏಳು ತಿಂಗಳ ಅವಳಿ ಮಕ್ಕಳು. ಪಾಳಿ ಹಾಕಿಕೊಂಡವರ ಹಾಗೆ ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಅವನು ನೆಟ್ಟಗೆ ಕಣ್ಣು ಮುಚ್ಚಿ ಒಂದು ವಾರವಾಗಿತ್ತು.

ಹಾಸಿಗೆ ಅವನದೇ ಕೈಕೆಲಸ. ಒಳಗೆ ಫೈಬರ್ ಎಂಬ ಕೂದಲೆಳೆಯಂಥ ಗಾಜಿನ ನಾರು, ಅದರಲ್ಲಿ ಹರಿಯುವ ಲೇಸರ್ ಬೆಳಕು. ಮಲಗಿದವರ ಎದೆ ಏರಿಳಿದಂತೆ ಬೆಳಕೂ ಒಂದಿಷ್ಟು ಏರಿಳಿಯುತ್ತದೆ. ಯಂತ್ರ ಅದನ್ನು ಉಸಿರೆಂದು ಎಣಿಸುತ್ತದೆ. ಆದರೆ ಈ ಫೈಬರ್ ಲೇಸರಿಗೆ ತನ್ನಷ್ಟಕ್ಕೆ ತಾನೇ ಮಿಣುಕುವ ಚಾಳಿಯಿತ್ತು. ಆ ಮಿಣುಕನ್ನೂ ಯಂತ್ರ ಫೈಬರಣ್ಣನ ತಲೆಗೇ ಕಟ್ಟುತ್ತಿತ್ತು.

"ನಾಲ್ಕು ಗಂಟೆಗೆ ಆಸ್ಪತ್ರೆಯ ದೊಡ್ಡ ನರ್ಸಮ್ಮ ಹಾಸಿಗೆ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಸರಿ ಮಾಡು, ಎರಡು ದಿನ ರಜ ಕೊಡ್ತೀನಿ," ಅಂದರು ಪ್ರಯೋಗಶಾಲೆಯ ಸಾಹೇಬರು.

ರಜ ಅಂದದ್ದೇ ತಡ, ಫೈಬರಣ್ಣನಿಗೆ ಕಣ್ಣ ಮುಂದೆ ದಿಂಬು ಬಂತು.

ತಪ್ಪು ಲೇಸರಿನದು ಎಂದರೆ ಕೇಳುವವರು ಬೇಕಲ್ಲ. "ಲೇಸರು ಹೊಸದು, ಡಬ್ಬ ಬಿಚ್ಚಿ ಕೊಟ್ಟೋಳು ನಾನೇ," ಅಂದಳು ಸ್ಟೋರಿನ ಅಕ್ಕ. "ಕೆಟ್ಟಿರೋದು ನೀನು. ಕನ್ನಡಿಲಿ ಮುಖ ನೋಡ್ಕೊಂಡಿದೀಯಾ?" ಎರಡು ಲೋಟ ಬಿಸಿನೀರು ಕುಡಿಸಿದಳು. ಲೆಕ್ಕ ನೂರೈವತ್ತಕ್ಕೆ ಏರಿತು.

"ನಿಧಾನಕ್ಕೆ ಉಸಿರಾಡಯ್ಯ," ಸಾಹೇಬರು ಗದರಿದರು.

"ಸರ್, ಈಗ ನೋಡಿ, ಉಸಿರೇ ಬಿಗಿ ಹಿಡೀತೀನಿ." ಹಿಡಿದ. ಮುಖ ಕೆಂಪಾಯಿತು. ಪರದೆಯ ಮೇಲೆ ನೂರ ನಲವತ್ತಾರು.

"ಎಂಥ ಹಠಮಾರಿ ಉಸಿರಯ್ಯ ನಿಂದು," ಅಂದರು ಸಾಹೇಬರು ಬೇಸರದಿಂದ.

ಅಕ್ಕ ಸುಮ್ಮನಿರದೆ ಅವನ ಹೆಂಡತಿಗೆ ಫೋನು ಮಾಡಿ, ನಿಮ್ಮ ಯಜಮಾನರು ನಿಮಿಷಕ್ಕೆ ನೂರೈವತ್ತು ಉಸಿರು ಬಿಡ್ತಿದಾರೆ ಎಂದು ವರದಿ ಒಪ್ಪಿಸಿದಳು. "ಪುಣ್ಯವಂತರು. ನನಗಿಲ್ಲಿ ಒಂದು ಬಿಡೋಕೂ ಪುರುಸೊತ್ತಿಲ್ಲ," ಎಂದು ಆಕೆ ಫೋನಿಟ್ಟಳು.

ಸಾಹೇಬರೂ ಅಕ್ಕನೂ ಊಟಕ್ಕೆ ಹೋದಾಗ ಫೈಬರಣ್ಣನಿಗೆ ಬಿಡುವು ಸಿಕ್ಕಿತು. ಮಾಡಬೇಕಾದ್ದು ಇಷ್ಟೇ: ಬೆಳಕು ಹಾಸಿಗೆಗೆ ಹೋಗುವ ಮುಂಚೆ ಅದರಲ್ಲೊಂದು ಪಾಲು ಬೇರೆ ತೆಗೆಯುವುದು, ಅದರಲ್ಲಿ ಕಂಡ ಮಿಣುಕನ್ನು ಹಾಸಿಗೆ ದಾಟಿ ಬಂದ ಬೆಳಕಿನಿಂದ ಕಳೆಯುವುದು. ಉಳಿಯುವುದು ಉಸಿರೊಂದೇ. ಜೋತು ಬೀಳುವ ರೆಪ್ಪೆಯನ್ನು ಎತ್ತಿ ಎತ್ತಿ ಹಿಡಿದು ಮೂರೂವರೆಯವರೆಗೆ ನಾರು ಜೋಡಿಸಿದ. ಪರದೆಯ ಗೆರೆ ಸ್ಲೇಟಿನ ಅಂಚಿನ ಹಾಗೆ ನೇರವಾಯಿತು. ಪರೀಕ್ಷೆ ಮಾಡೋಣವೆಂದು ಹಾಸಿಗೆಗೆ ಬೆನ್ನು ಕೊಟ್ಟ. ಆಮೇಲಿನದು ಅವನಿಗೆ ತಿಳಿಯದು.

"ನೋಡಿ ಮೇಡಂ, ಒಂದು ಚೂರಾದ್ರೂ ಮಿಣುಕಿದೆಯಾ?" ನಾಲ್ಕು ಗಂಟೆಗೆ ಸಾಹೇಬರು ಹೆಮ್ಮೆಯಿಂದ ಪರದೆ ತೋರಿಸಿದರು.

ನರ್ಸಮ್ಮ ಕನ್ನಡಕ ಸರಿಮಾಡಿಕೊಂಡರು. "ಉಸಿರೂ ಇಲ್ವಲ್ಲ. ಸೊನ್ನೆ ಅಂತಿದೆ."

"ಬೆಳಿಗ್ಗೇನೇ ಬಡ್ಕೊಂಡೆ, ಯಾರು ಕೇಳಿದ್ರು," ಎಂದು ಅಕ್ಕ ನೆಲಕ್ಕೆ ಕುಸಿದಳು.

ಅಷ್ಟರಲ್ಲಿ ಸತ್ತವನು ಕಿಟಕಿಯ ಗಾಜು ನಡುಗುವಂತೆ ಗೊರಕೆ ಹೊಡೆದ. ಪರದೆ ಮಾತ್ರ ಸೊನ್ನೆ ಬಿಟ್ಟು ಕದಲಲಿಲ್ಲ. ನರ್ಸಮ್ಮ ಕಿವಿ ಹಿಂಡಿ ಎಬ್ಬಿಸಿದರು. ಫೈಬರಣ್ಣ ನಾರಿನ ಜಾಡು ಹಿಡಿದು ನೋಡಿದರೆ, ಪಾಲು ತೆಗೆದದ್ದು ಹಾಸಿಗೆಗೆ ಮುಂಚೆ ಅಲ್ಲ, ಹಾಸಿಗೆ ದಾಟಿದ ಮೇಲೆ. ಬೆಳಕಿನಿಂದ ಅದೇ ಬೆಳಕನ್ನು ಕಳೆದಿದ್ದ. ಮಿಣುಕಿನ ಜೊತೆ ಅವನ ಉಸಿರೂ ಕಳೆದುಹೋಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅರ್ಧ ಗಂಟೆ ಕೊಡಿ ಸರ್, ಸರಿ ಮಾಡ್ತೀನಿ."

"ಯಂತ್ರ ಆಮೇಲೆ ನೋಡೋಣ," ನರ್ಸಮ್ಮ ಸಾಹೇಬರ ಕಡೆ ತಿರುಗಿದರು. "ಮೊದಲು ಈತನಿಗೆ ನಿದ್ದೆ ಬೇಕು. ಎರಡು ದಿನ ಈ ಕಡೆ ತಲೆ ಹಾಕಬಾರದು."

ಕೆಲಸ ಕೆಟ್ಟರೂ ರಜ ಸಿಕ್ಕಿತು. ಫೈಬರಣ್ಣ ಸಂತೋಷದಿಂದ ಮನೆಗೆ ಓಡಿದ.

ಮನೆ ಬಾಗಿಲಲ್ಲಿ ಹೆಂಡತಿ ತಲೆ ಬಾಚಿಕೊಂಡು, ಚೀಲ ಹಿಡಿದು ನಿಂತಿದ್ದಳು. "ಸ್ಟೋರಿನ ಅಕ್ಕ ಫೋನ್ ಮಾಡಿದ್ರು, ಎರಡು ದಿನ ರಜ ಅಂತೆ. ಏಳು ತಿಂಗಳಿಂದ ಇದಕ್ಕೇ ಕಾಯ್ತಿದ್ದೆ ಕಣ್ರೀ. ಅಮ್ಮನ ಮನೆಗೆ ಹೋಗಿ ನಿದ್ದೆ ಮಾಡಿ ಬರ್ತೀನಿ. ಹಾಲಿನ ಬಾಟಲಿ ಮೇಜಿನ ಮೇಲಿವೆ." ಅವನ ಎರಡು ಹೆಗಲಿಗೆ ಎರಡು ಮಕ್ಕಳನ್ನು ಹಾಕಿ ಹೊರಟೇಬಿಟ್ಟಳು. ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಗಲ್ಲದಿಂದ ಫೋನು ಅದುಮಿ ಹಿಡಿದು ಸಾಹೇಬರಿಗೆ ಹೇಳಿದ: "ಸರ್, ನಾನೀಗ ಹುಷಾರು. ನಾಳೆನೇ ಬಂದು ಆ ಹಾಸಿಗೆ ಸರಿ ಮಾಡ್ತೀನಿ."

"ಬೇಡಪ್ಪ," ಸಾಹೇಬರ ದನಿಯಲ್ಲಿ ಎಂದೂ ಇಲ್ಲದ ಮಮತೆ. "ನೀನು ಬಂದ್ರೂ ಒಳಗೆ ಬಿಡಬೇಡ ಅಂತ ಗೇಟಿನವನಿಗೆ ಹೇಳಿಟ್ಟಿದೀನಿ. ಹಾಯಾಗಿ ಮಲಕ್ಕೋ."

ಎಡ ಹೆಗಲಿನದು ಆಗಷ್ಟೇ ನಿದ್ದೆ ಹೋಯಿತು. ಬಲ ಹೆಗಲಿನದು ಎದ್ದಿತು.